ಸೊಸೈಟಿ ಅಕ್ಕಿ ಹೇಗಿದೆ, ಕಾರ್ಡ್ ಕೈತಪ್ಪಿದರೆ ಏನಾಗುತ್ತದೆ: ನಮ್ಮ ಮನೆಯ ಅನುಭವ

ಸೊಸೈಟಿ ಅಕ್ಕಿ, ಅಂದರೆ ರೇಷನ್ ಅಂಗಡಿಯ ಅಕ್ಕಿ, ಚೆನ್ನಾಗಿರಲ್ಲ ಅಂತ ಹೇಳುವವರಲ್ಲಿ ಬಹಳ ಜನ ಅದನ್ನು ಬೇಯಿಸಿ ಉಂಡವರೇ ಅಲ್ಲ. ನಾವು ಉಂಡವರು, ಈಗಲೂ ಉಣ್ಣುತ್ತಿರುವವರು. ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರು ಜಿಲ್ಲೆಯ ಒಂದು ಸಣ್ಣ ಊರು ನಮ್ಮದು. ಮನೆಯಲ್ಲಿ ಐದು ಜನ. ಅತ್ತೆ, ನಮ್ಮ ಮನೆಯವರು, ನಾನು, ಇಬ್ಬರು ಮಕ್ಕಳು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಅವರು ಮೂರು ಚಕ್ರದ ಗೂಡ್ಸ್ ಆಟೋ ಓಡಿಸುತ್ತಾರೆ. ಬಿಪಿಎಲ್ ಕಾರ್ಡ್ ಇರುವುದು ಅತ್ತೆಯ ಹೆಸರಿನಲ್ಲಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. ಆ ಕಾಯ್ದೆಯಲ್ಲಿ ನನಗೆ ತುಂಬ ಇಷ್ಟವಾದ ಮಾತು ಇದು. ಜಮೀನು, ಮನೆ, ಆಟೋ, ಯಾವುದರ ಕಾಗದದಲ್ಲೂ ಅತ್ತೆಯ ಹೆಸರಿಲ್ಲ. ಇದೊಂದರಲ್ಲಿ ಇದೆ.

ಮೊದಲು ಅಕ್ಕಿಯ ವಿಷಯ. ಅಕ್ಕಿ ದಪ್ಪ. ಸೋನಾ ಮಸೂರಿ ಉಂಡು ಅಭ್ಯಾಸ ಇದ್ದವರಿಗೆ ಶುರುವಿನಲ್ಲಿ ನಾಲಿಗೆಗೆ ಹಿಡಿಸುವುದಿಲ್ಲ. ನುಚ್ಚು ಜಾಸ್ತಿ. ಅಂಗಡಿಯವನು ಬೆರೆಸಿದ್ದಾನೆ ಅಂತ ಜನ ಬೈಯುತ್ತಾರೆ, ಆದರೆ ಸರ್ಕಾರ ಮಿಲ್‌ನಿಂದ ತೆಗೆದುಕೊಳ್ಳುವಾಗಲೇ ಬೆಳ್ತಿಗೆ ಅಕ್ಕಿಯಲ್ಲಿ ಶೇ 25ರವರೆಗೆ ನುಚ್ಚಿಗೆ ಅವಕಾಶ ಇಟ್ಟುಕೊಂಡು ಬಂದಿದೆ. ನಾನು ಜರಡಿ ಹಿಡಿದು ನುಚ್ಚು ಬೇರೆ ಮಾಡಿ ಡಬ್ಬಿಗೆ ಹಾಕಿಡುತ್ತೇನೆ. ಮುದ್ದೆಗೆ ಎಸರು ಇಟ್ಟಾಗ ಒಂದು ಹಿಡಿ ನುಚ್ಚು ಹಾಕಿದರೆ ಮುದ್ದೆ ಮೆತ್ತಗೆ ಬರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಾಳೂ ದಂಡವಾಗುವುದಿಲ್ಲ.

ಅನ್ನಕ್ಕೆ ಮಾಡುವ ಅಕ್ಕಿಯನ್ನು ಚೆನ್ನಾಗಿ ತೊಳೆಯಬೇಕು, ನೀರು ತಿಳಿಯಾಗುವ ತನಕ. ಅರ್ಧ ಗಂಟೆ ನೆನೆಸಬೇಕು. ಒಂದು ಲೋಟಕ್ಕೆ ಮೂರು ಲೋಟ ನೀರು. ಬಿಸಿ ಇರುವಾಗ ಸಾರಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಆರಿದ ಮೇಲೆ ಗಟ್ಟಿಯಾಗುತ್ತದೆ, ಅದು ನಿಜ. ನಮ್ಮವರ ಡಬ್ಬಿಗೆ ಚಿತ್ರಾನ್ನ ಮಾಡುವ ದಿನ ಬೇಯುವಾಗಲೇ ಒಂದು ಚಮಚ ಎಣ್ಣೆ ಬಿಡುತ್ತೇನೆ. ದೋಸೆಗಂತೂ ಇದಕ್ಕಿಂತ ಒಳ್ಳೆಯ ಅಕ್ಕಿ ಬೇಡ. ಎಲ್ಲಕ್ಕಿಂತ ಮುಖ್ಯ, ಅಕ್ಕಿ ಒದಗುತ್ತದೆ. ಅಂಗಡಿಯ ಹೊಸ ಅಕ್ಕಿಯಲ್ಲಿ ಐದು ಜನಕ್ಕೆ ಸಾಲದ ಅಳತೆಯಲ್ಲಿ ಇದು ಇನ್ನೊಬ್ಬರಿಗೂ ಉಳಿಯುತ್ತದೆ.

ಪ್ಲಾಸ್ಟಿಕ್ ಅಕ್ಕಿ ಅಂತ ಒಂದು ಸುದ್ದಿ ಓಡಾಡುತ್ತಲೇ ಇರುತ್ತದೆ. ತೊಳೆಯುವಾಗ ಕೆಲವು ಕಾಳು ಮೇಲೆ ತೇಲುತ್ತವೆ, ಬಣ್ಣವೂ ಸ್ವಲ್ಪ ಬೇರೆ. ಅದನ್ನೇ ನೋಡಿ ಜನ ಹೆದರುತ್ತಾರೆ. ಅದು ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆ್ಯಸಿಡ್, ಬಿ12 ಸೇರಿಸಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರ ಲೆಕ್ಕದಲ್ಲಿ ಬೆರೆಸುತ್ತಾರೆ. 2024ರ ಹೊತ್ತಿಗೆ ದೇಶದ ರೇಷನ್ ಅಕ್ಕಿಗೆಲ್ಲ ಇದು ಬಂದಿತ್ತು. ನಮ್ಮ ಬೀದಿಯಲ್ಲಿ ಅದನ್ನು ಆರಿಸಿ ಎಸೆಯುವವರು ಇನ್ನೂ ಇದ್ದಾರೆ. ಎಸೆಯಬೇಡಿ. ಅಂಗಡಿಯ ಗೋಡೆಗೆ ಇದನ್ನು ವಿವರಿಸುವ ಒಂದು ದೊಡ್ಡ ಬೋರ್ಡ್ ಹಾಕಿಸಬೇಕಾದ್ದು ಇಲಾಖೆಯ ಕೆಲಸ. ನಮ್ಮ ಅಂಗಡಿಯಲ್ಲಿ ಇಲ್ಲ.

ಹಳೇ ದಾಸ್ತಾನು ಬಂದ ತಿಂಗಳು ಹುಳು ಇರುತ್ತದೆ, ಗೋಣಿ ವಾಸನೆ ಇರುತ್ತದೆ. ಬಿಸಿಲಿಗೆ ಹರಡಿ, ಕೇರಿ, ಒಣಗಿದ ಬೇವಿನ ಸೊಪ್ಪು ಹಾಕಿ ತುಂಬಿಟ್ಟರೆ ಸರಿಹೋಗುತ್ತದೆ. ರಾಗಿ ಕೊಟ್ಟಾಗ ಮಾತ್ರ ಕಷ್ಟ. ನಮ್ಮ ಕಡೆ ರಾಗಿ ಕೊಡುವುದು ಒಳ್ಳೆಯ ಯೋಚನೆ, ನಾವು ಮುದ್ದೆ ಉಣ್ಣುವ ಜನ. ಆದರೆ ಮಣ್ಣು, ಸಣ್ಣ ಕಲ್ಲು ಇರುತ್ತದೆ. ಸರಿಯಾಗಿ ಕೇರದೆ ಮಿಲ್ಲಿಗೆ ಹಾಕಿದರೆ ಮುದ್ದೆ ನುಂಗುವಾಗ ಹಲ್ಲಿಗೆ ಕರಕರ ಅನ್ನುತ್ತದೆ.

ಇನ್ನು ಅಂಗಡಿ. ನಮ್ಮ ಅಂಗಡಿಯವರು ಕೆಟ್ಟವರಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ನಮ್ಮ ಕಡೆಗೆ ತಿರುಗಿಸಿಯೇ ತೂಗುತ್ತಾರೆ. ವಯಸ್ಸಾದವರನ್ನು ಸಾಲಿನಲ್ಲಿ ಮುಂದೆ ಕರೆಯುತ್ತಾರೆ. ತೊಂದರೆ ಇರುವುದು ಹೆಬ್ಬೆಟ್ಟಿನಲ್ಲಿ. ತಿಂಗಳ ಮೊದಲ ವಾರ ಸರ್ವರ್ ಬರುವುದಿಲ್ಲ. ಬಂದರೆ ಅತ್ತೆಯ ಬೆರಳು ಹಿಡಿಯುವುದಿಲ್ಲ. ಕಳೆ ಕಿತ್ತು, ಪಾತ್ರೆ ಉಜ್ಜಿ ಬೆರಳಿನ ಗೆರೆ ಸವೆದುಹೋಗಿದೆ. ಅವರು ಬೆರಳನ್ನು ಸೀರೆಗೆ ಒರೆಸಿ ಒತ್ತುತ್ತಾರೆ, ಆಗಲ್ಲ. ತಲೆಗೆ ಉಜ್ಜಿ ಸ್ವಲ್ಪ ಎಣ್ಣೆ ತಾಗಿಸಿ ಒತ್ತುತ್ತಾರೆ, ಆಗಲ್ಲ. ಮನೆಯ ಬೇರೆ ಯಾರಾದರೂ ಬಂದು ಒತ್ತಬಹುದು. ಹಾಗಾಗಿ ನಾನು ಹೊಲಿಗೆ ಬಿಟ್ಟು ಹೋಗುತ್ತೇನೆ, ನಮ್ಮದು ನಡೆಯುತ್ತದೆ. ಪಕ್ಕದ ಬೀದಿಯಲ್ಲಿ ಒಬ್ಬರೇ ಇರುವ ಅಜ್ಜಿ ಇದ್ದಾರೆ. ಅವರಿಗೆ ಬೇರೆ ಬೆರಳೇ ಇಲ್ಲ ಅಲ್ವಾ? ಬೆರಳು ಹಿಡಿಯದಿದ್ದರೆ ಬೇರೆ ದಾರಿಯಲ್ಲಿ ಕೊಡಬೇಕು ಅನ್ನುವುದನ್ನು ಅಂಗಡಿಯವರು ಒಪ್ಪುತ್ತಾರೆ, ಆದರೆ ಪ್ರತಿ ಸಲ ಅದನ್ನು ನೆನಪಿಸುವುದಕ್ಕೆ ಒಬ್ಬರು ಜೊತೆಗೆ ಹೋಗಬೇಕು.

ಇಷ್ಟು ತೊಂದರೆ ಇದ್ದರೂ ಸೊಸೈಟಿ ನಮ್ಮ ಮನೆಯನ್ನು ನಿಲ್ಲಿಸಿದೆ. ಅದಕ್ಕೇ ಅಳತೆ ಕಡಿಮೆ ಆದಾಗಲೆಲ್ಲ ನಮಗೆ ಬೇಗ ಗೊತ್ತಾಗುತ್ತದೆ.

ಅನ್ನಭಾಗ್ಯ ಶುರುವಾಗಿದ್ದು 2013ರ ಜುಲೈನಲ್ಲಿ. ಆಗ ಕೆಜಿಗೆ ಒಂದು ರೂಪಾಯಿ, ಮೂರು ಜನಕ್ಕಿಂತ ಕಡಿಮೆ ಇಲ್ಲದ ಮನೆಗೆ 30 ಕೆಜಿ. 2015ರ ಮೇ ತಿಂಗಳಿಂದ ಪೂರ್ತಿ ಉಚಿತ. 2017ರಲ್ಲಿ ತಲೆಗೆ 7 ಕೆಜಿ ಆಯಿತು. ಆಮೇಲೆ 5ಕ್ಕೆ ಇಳಿಯಿತು. 2021ರ ಏಪ್ರಿಲ್ ಹೊತ್ತಿಗೆ ತಲೆಗೆ 2 ಕೆಜಿ ಅಕ್ಕಿ, 3 ಕೆಜಿ ರಾಗಿ. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಿಂದ ನಡುವೆ ಕೆಲವು ತಿಂಗಳು ನಿಂತು ಮುಂದುವರಿದು 2022ರ ಡಿಸೆಂಬರ್‌ವರೆಗೆ, ಕೇಂದ್ರದಿಂದ ತಲೆಗೆ 5 ಕೆಜಿ ಹೆಚ್ಚಿಗೆ ಬಂತು. 2023ರ ಜನವರಿಯಲ್ಲಿ ಆ ಹೆಚ್ಚಿನದು ನಿಂತು, ಕಾಯ್ದೆಯ 5 ಕೆಜಿಯನ್ನು ದೇಶಕ್ಕೆಲ್ಲ ಉಚಿತ ಅಂತ ಸಾರಿದರು. ಬೇರೆ ರಾಜ್ಯಗಳಲ್ಲಿ ಕೆಜಿಗೆ ಎರಡು ಮೂರು ರೂಪಾಯಿ ಕೊಡುತ್ತಿದ್ದವರಿಗೆ ಅದು ಉಳಿಯಿತು. ನಮಗೆ ಅಕ್ಕಿ ಮೊದಲೇ ಉಚಿತವಾಗಿತ್ತು. ಹಾಗಾಗಿ ನಮ್ಮ ಪಾಲಿಗೆ ಉಳಿತಾಯ ಏನೂ ಇಲ್ಲ, ಹೆಚ್ಚು ಕಡಿಮೆ ಅರ್ಧ ಚೀಲ ಹೋಯಿತು ಅಷ್ಟೇ. ಟಿವಿಯಲ್ಲಿ ಉಚಿತ ಅಂತ ಹೇಳುತ್ತಿದ್ದ ತಿಂಗಳಲ್ಲೇ ಡ್ರಮ್ಮಿನ ತಳ ಕಾಣಿಸಿತು.

ಆಮೇಲೆ ರಾಜ್ಯದ ಹೊಸ ಸರ್ಕಾರದಿಂದ ತಲೆಗೆ 10 ಕೆಜಿಯ ಭರವಸೆ ಬಂತು. 2023ರ ಜೂನ್‌ನಲ್ಲಿ ಕೇಂದ್ರ ರಾಜ್ಯಗಳಿಗೆ ಹೆಚ್ಚಿನ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಜುಲೈನಿಂದ ಹೆಚ್ಚಿನ 5 ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ. ನಮ್ಮ ಮನೆಗೆ 850. ದುಡ್ಡು ಬಂದ ತಿಂಗಳು ಖುಷಿಯೇ. ಆದರೆ ನಮ್ಮ ಊರಿನ ಅಂಗಡಿಯಲ್ಲಿ ಸಾಮಾನ್ಯ ಅಕ್ಕಿ ಕೆಜಿಗೆ 50ರ ಹತ್ತಿರ. 850ಕ್ಕೆ 25 ಕೆಜಿ ಎಲ್ಲಿ ಬರುತ್ತದೆ? 17 ಕೆಜಿ ಬರುತ್ತದೆ. ಅದೂ ದುಡ್ಡು ಅಕ್ಕಿಗೇ ಹೋದರೆ. ಗ್ಯಾಸ್ ಖಾಲಿಯಾದ ದಿನವೇ ಬಂದರೆ ಅದು ಗ್ಯಾಸಿಗೆ ಹೋಗುತ್ತದೆ. ಕೆಲವು ತಿಂಗಳು ತಡವಾಗಿ ಬರುತ್ತಿತ್ತು. ನಮ್ಮ ಬೀದಿಯಲ್ಲೇ ಇಬ್ಬರಿಗೆ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ ಬರಲೇ ಇಲ್ಲ. 2025ರ ಫೆಬ್ರುವರಿಯಿಂದ ದುಡ್ಡು ನಿಲ್ಲಿಸಿ ಅಕ್ಕಿಯನ್ನೇ ಕೊಡುವ ತೀರ್ಮಾನ ಆಯಿತು. ನನ್ನನ್ನು ಕೇಳಿದರೆ ಅದು ಸರಿಯಾದ ತೀರ್ಮಾನ. ಚೀಲ ಮನೆಗೆ ಬಂದರೆ ಸಾಲ ಕೊಟ್ಟವನು ಯಾರೂ ಅದರ ಮೇಲೆ ಕೈ ಇಡುವುದಿಲ್ಲ.

ಆದರೆ ಆ ಫೆಬ್ರುವರಿಯಲ್ಲಿ ನಮ್ಮ ಮನೆಗೆ ಒಂದು ಕಾಳೂ ಬರುತ್ತಿರಲಿಲ್ಲ.

2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಅನರ್ಹರ ಬಿಪಿಎಲ್ ಕಾರ್ಡ್ ರದ್ದು ಮಾಡುವ ಗಲಾಟೆ ನಿಮಗೆ ನೆನಪಿರಬಹುದು. ಆ ಹೊತ್ತಿನಲ್ಲಿ ನಾನು ಬೆರಳು ಒತ್ತಿದೆ. ಅಂಗಡಿಯವರು ಪರದೆ ನೋಡಿ, ‘ಅಕ್ಕಾ, ನಿಮ್ಮದು ಎಪಿಎಲ್ ಅಂತ ತೋರಿಸ್ತಿದೆ’ ಅಂದರು. ನೋಟಿಸ್ ಬಂದಿರಲಿಲ್ಲ. ಒಂದು ಮೆಸೇಜ್ ಕೂಡ ಇಲ್ಲ. ಖಾಲಿ ಚೀಲ ಮಡಚಿಕೊಂಡು ಬಂದೆ.

ಕಾರಣ ಆಮೇಲೆ ಗೊತ್ತಾಯಿತು. ಆಟೋ ಸಾಲಕ್ಕೆ ಫೈನಾನ್ಸ್‌ನವರು ಐಟಿ ರಿಟರ್ನ್ಸ್ ಕೇಳಿದ್ದರು. ಆಡಿಟರ್ ಹತ್ತಿರ ಮಾಡಿಸಿ ಕೊಟ್ಟಿದ್ದೆವು. ಒಂದು ರೂಪಾಯಿ ತೆರಿಗೆ ಕಟ್ಟುವಷ್ಟು ಆದಾಯ ಇಲ್ಲ, ಕಟ್ಟಿಯೂ ಇಲ್ಲ. ಆದರೆ ರಿಟರ್ನ್ಸ್‌ನಲ್ಲಿ ಪ್ಯಾನ್ ನಂಬರ್ ಕಂಡ ಕಂಪ್ಯೂಟರಿಗೆ ಅಷ್ಟು ಸಾಕು. ಸಾಲ ಬೇಕೆಂದರೆ ರಿಟರ್ನ್ಸ್ ಬೇಕು, ರಿಟರ್ನ್ಸ್ ಮಾಡಿದರೆ ಕಾರ್ಡ್ ಹೋಗುತ್ತದೆ. ದುಡಿಯುವುದಕ್ಕೆ ಆಟೋ ತೆಗೆದುಕೊಂಡವನು ಯಾವುದನ್ನು ಬಿಡಬೇಕು? ಇದೇ ಕಾರಣಕ್ಕೆ ಕಾರ್ಡ್ ಹೋದವರು ಎಷ್ಟೋ ಜನ ಅಂತ ಆ ದಿನಗಳ ಪತ್ರಿಕೆಗಳಲ್ಲೇ ಬಂತು. ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಅಂತ ಸರ್ಕಾರ ಅದೇ ತಿಂಗಳು ಹೇಳಿತು. ಹೇಳಿದ ಮಾತು ನಮ್ಮ ತಾಲ್ಲೂಕಿನ ಆಹಾರ ಕಚೇರಿಯ ಕಂಪ್ಯೂಟರಿಗೆ ಬಂದು ಮುಟ್ಟಲು ಯುಗಾದಿ ಆಯಿತು. ಆದಾಯ ಪ್ರಮಾಣ ಪತ್ರ ತನ್ನಿ, ಇ-ಕೆವೈಸಿ ಮಾಡಿಸಿ, ಇನ್‌ಸ್ಪೆಕ್ಟರ್ ಇಲ್ಲ, ಲಾಗಿನ್ ಬಿಟ್ಟಿಲ್ಲ, ಮುಂದಿನ ವಾರ ಬನ್ನಿ. ಒಂದೊಂದಕ್ಕೂ ಒಂದು ದಿನದ ಬಾಡಿಗೆ ಹೋಗುತ್ತದೆ.

ಆ ತಿಂಗಳುಗಳಲ್ಲಿ ಮನೆಯಲ್ಲಿ ಏನಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಷನ್ ಕಡಿತ ಅಂದರೆ ಜನ ಅನ್ನ ಕಡಿಮೆ ಉಣ್ಣುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅನ್ನ ಕೊನೆಗೆ ಕಡಿಮೆಯಾಗುವುದು. ನಮಗೆ ತಿಂಗಳಿಗೆ 35 ಕೆಜಿ ಅಕ್ಕಿ ಬೇಕು. ಅಂಗಡಿಯಲ್ಲಿ ಕೊಂಡರೆ 1,750 ರೂಪಾಯಿ. ಲೈನಿಂಗ್ ಇಲ್ಲದ ಬ್ಲೌಸಿಗೆ ನಾನು 150 ತೆಗೆದುಕೊಳ್ಳುತ್ತೇನೆ. ಹನ್ನೆರಡು ಬ್ಲೌಸ್ ಬರೀ ಅಕ್ಕಿಗೇ ಹೋಯಿತು. ಅಕ್ಕಿ ಬಂತು, ಆದರೆ ಬೇರೆಯದೆಲ್ಲ ಹೋಯಿತು.

ಮೊದಲು ಹೋಗಿದ್ದು ಮೊಟ್ಟೆ. ಮಕ್ಕಳಿಗೆ ಶಾಲೆಯಲ್ಲಿ ಸಿಗುತ್ತದೆ ಅಂತ ಸಮಾಧಾನ ಮಾಡಿಕೊಂಡೆವು. ಆಮೇಲೆ ಹಾಲು ಅರ್ಧಕ್ಕೆ ಇಳಿಯಿತು. ತೊಗರಿಬೇಳೆ ಒಂದು ಲೋಟದಿಂದ ಅರ್ಧ ಲೋಟ, ಆಮೇಲೆ ಒಂದು ಹಿಡಿ. ಸಾರಿಗೆ ಬೇಳೆ ಹಾಕಿದ್ದೇನೆ ಅಂತ ನನಗೆ ಮಾತ್ರ ಗೊತ್ತು, ತಟ್ಟೆಯಲ್ಲಿ ಕಾಣುತ್ತಿರಲಿಲ್ಲ. ಹುಣಸೆಹಣ್ಣು, ಬೆಳ್ಳುಳ್ಳಿ, ಖಾರ ಹಾಕಿ ತಿಳಿಸಾರು ಮಾಡಿದರೆ ಎರಡು ತುತ್ತು ಜಾಸ್ತಿಯೇ ಇಳಿಯುತ್ತದೆ, ಹೊಟ್ಟೆ ತುಂಬುತ್ತದೆ. ಮಕ್ಕಳು ಹಸಿವು ಅಂತ ಒಂದು ದಿನವೂ ಹೇಳಲಿಲ್ಲ. ಆದರೆ ಬೆಳೆಯುವ ಮಕ್ಕಳಿಗೆ ಹೊಟ್ಟೆ ತುಂಬಿದರೆ ಸಾಕೇ? ಕಾಳು, ಬೇಳೆ, ಸೊಪ್ಪು ಬೇಡವೇ? ಅತ್ತೆ ರಾತ್ರಿ ಊಟಕ್ಕೆ ಕರೆದರೆ ಎದೆ ಉರಿ, ಬೇಡ ಅನ್ನಲು ಶುರು ಮಾಡಿದರು. ಕಾರ್ಡ್ ವಾಪಸ್ ಬಂದ ತಿಂಗಳು ಆ ಎದೆ ಉರಿ ಹೋಯಿತು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಸಂಕಟ.

ಸರ್ಕಾರದ ಲೆಕ್ಕದಲ್ಲಿ ಉಳಿದದ್ದು ಅಕ್ಕಿ. ನಮ್ಮ ಮನೆಯಲ್ಲಿ ಹೋದದ್ದು ಬೇಳೆ, ಹಾಲು, ಮೊಟ್ಟೆ. ಯಾವ ಕಚೇರಿಯಲ್ಲೂ ಈ ಎರಡನ್ನು ಒಂದೇ ಕಾಗದದಲ್ಲಿ ಬರೆಯುವುದಿಲ್ಲ.

ಕಾರ್ಡ್ ಬರೀ ಅಕ್ಕಿಯದೂ ಅಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಖರ್ಚಿನ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ಕಾರ್ಡ್ ಬರುವ ತನಕ ಮುಂದೂಡಿದೆವು. ಅಷ್ಟು ದಿನ ಅವರು ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನೂ ಕೈಯಲ್ಲಿ ತಡವಿಯೇ ಮಾಡಿದರು.

ಅನರ್ಹರ ಕಾರ್ಡ್ ತೆಗೆಯಬಾರದು ಅಂತ ನಾನು ಹೇಳುವುದಿಲ್ಲ. ಕಾರಿನಲ್ಲಿ ಬಂದು ಚೀಲ ಹಾಕಿಕೊಂಡು ಹೋಗುವವರನ್ನು ನಾನೂ ನೋಡಿದ್ದೇನೆ. ಆದರೆ ಅಳತೆಗೋಲು ಸರಿಯಾಗಿರಬೇಕು. ವರ್ಷಕ್ಕೆ 1.20 ಲಕ್ಷ ದಾಟಿದರೆ ಬಿಪಿಎಲ್ ಇಲ್ಲ ಅನ್ನುವುದು ನಿಯಮ. ಅಂದರೆ ಇಡೀ ಮನೆಗೆ ತಿಂಗಳಿಗೆ ಹತ್ತು ಸಾವಿರ. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಂಗಸಿಗೆ ಸರ್ಕಾರವೇ ಗೊತ್ತು ಮಾಡಿರುವ ಕನಿಷ್ಠ ಕೂಲಿ ಇಂದು ಇದನ್ನು ದಾಟುತ್ತದೆ. ಕನಿಷ್ಠ ಕೂಲಿ ಸಿಕ್ಕಿದ ಮನೆ ಬಡವರ ಮನೆ ಅಲ್ಲವೇ? ಈ ಮಿತಿಯನ್ನು ಏರಿಸದೆ ಬರೀ ಪಟ್ಟಿ ಜಾಲಾಡಿದರೆ ಸಿಕ್ಕಿಬೀಳುವವರು ನಮ್ಮಂಥವರೇ. ಕೇಂದ್ರದ್ದೂ ಇದೇ ಕಥೆ. ಕಾಯ್ದೆಯಡಿ ಕರ್ನಾಟಕಕ್ಕೆ ಇರುವ ಮಿತಿ 4.01 ಕೋಟಿ ಜನ. ಅದು 2011ರ ಜನಗಣತಿ ಆಧಾರದ ಲೆಕ್ಕ. 2021ರ ಗಣತಿ ನಡೆಯಲೇ ಇಲ್ಲ. ಆಮೇಲೆ ಹುಟ್ಟಿದ ಮಕ್ಕಳು, ಮದುವೆಯಾಗಿ ಬೇರೆ ಮನೆ ಹೂಡಿದವರು ಆ ಲೆಕ್ಕದಲ್ಲಿ ಎಲ್ಲಿದ್ದಾರೆ? ನನ್ನ ತಂಗಿ ಹೊಸ ಕಾರ್ಡಿಗೆ ಅರ್ಜಿ ಹಾಕಿ ಇನ್ನೂ ಕಾಯುತ್ತಿದ್ದಾಳೆ.

ಉಚಿತ ಅಕ್ಕಿ ತಗೊಂಡು ಮಾರಿಕೊಳ್ಳುತ್ತಾರೆ ಅನ್ನುವ ಮಾತೂ ಇದೆ. ಮಾರುವವರು ಇದ್ದಾರೆ, ಸುಳ್ಳಲ್ಲ. ಯಾಕೆ ಮಾರುತ್ತಾರೆ ಅಂತ ನೋಡಿದರೆ ನಮ್ಮ ಬೀದಿಯಲ್ಲಿ ಬಹುಪಾಲು ಆ ದುಡ್ಡು ಎಣ್ಣೆಗೆ, ಬೇಳೆಗೆ, ಮಾತ್ರೆಗೆ ಹೋಗುತ್ತದೆ. ಮನೆಗೆ ಐವತ್ತು ಕೆಜಿ ಅಕ್ಕಿ ಇದ್ದು ಒಂದು ಹಿಡಿ ಬೇಳೆ ಇಲ್ಲದಿದ್ದರೆ ಅಡುಗೆ ಹೇಗೆ ಆಗುತ್ತದೆ? 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಹೆಚ್ಚಿನ 5 ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ತೀರ್ಮಾನಿಸಿತು. ನಾನು ಅದರ ಪರ. ಬೇಳೆ ಒಳ್ಳೆಯ ಬೇಳೆ ಆಗಿರಬೇಕು, ತೂಕ ಸರಿಯಿರಬೇಕು, ಪ್ರತಿ ತಿಂಗಳು ತಪ್ಪದೆ ಬರಬೇಕು. ಅಕ್ಕಿ ಕಡಿಮೆ ಮಾಡಿ ಕಿಟ್ ತಡ ಮಾಡಿದರೆ ಮಾತ್ರ ಅದು ಇನ್ನೊಂದು ಕಡಿತವೇ.

ಅಂಕ ಕೊಡು ಅಂದರೆ ಅಕ್ಕಿಗೆ ಐದರಲ್ಲಿ ನಾಲ್ಕು. ರಾಗಿಗೆ ಎರಡೂವರೆ, ಕಲ್ಲು ತೆಗೆದು ಕೊಟ್ಟರೆ ಅದಕ್ಕೂ ನಾಲ್ಕು. ಅಂಗಡಿಯವರಿಗೆ ನಾಲ್ಕು. ಹೆಬ್ಬೆಟ್ಟಿನ ಯಂತ್ರಕ್ಕೆ ಎರಡು. ಹೇಳದೆ ಕೇಳದೆ ಕಾರ್ಡ್ ಬದಲಿಸುವ ಪದ್ಧತಿಗೆ ಸೊನ್ನೆ. ಮೊದಲು ನೋಟಿಸ್, ಆಮೇಲೆ ವಿಚಾರಣೆ, ಅದು ಮುಗಿಯುವ ತನಕ ಅಕ್ಕಿ. ಈ ಕ್ರಮ ಬರುವ ತನಕ ಆ ಸೊನ್ನೆಯನ್ನು ನಾನು ತಿದ್ದುವುದಿಲ್ಲ.

ನಿಮ್ಮ ಕಾರ್ಡ್ ಬಗ್ಗೆ ಅನುಮಾನ ಇದ್ದರೆ ತಿಂಗಳ ಸಾಲಿನಲ್ಲಿ ನಿಲ್ಲುವ ತನಕ ಕಾಯಬೇಡಿ. ಆಹಾರ ಇಲಾಖೆಯ ಜಾಲತಾಣದ ಇ-ರೇಷನ್ ಕಾರ್ಡ್ ವಿಭಾಗದಲ್ಲಿ ರದ್ದಾದ, ತಡೆಹಿಡಿದ ಕಾರ್ಡುಗಳ ಪಟ್ಟಿ ಇರುತ್ತದೆ, ನಿಮ್ಮ ತಾಲ್ಲೂಕು ಆರಿಸಿ ನೋಡಿ. ಸಾಲಕ್ಕೆ ರಿಟರ್ನ್ಸ್ ಮಾಡಿಸಿದ್ದರೆ ತೆರಿಗೆ ಸೊನ್ನೆ ಅಂತ ತೋರಿಸುವ ಪುಟ, ಹೊಸ ಆದಾಯ ಪ್ರಮಾಣ ಪತ್ರ, ಎಲ್ಲರ ಆಧಾರ್ ಜೆರಾಕ್ಸ್ ಒಂದೇ ಕವರಿನಲ್ಲಿ ಇಟ್ಟುಕೊಂಡಿರಿ. ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಅರ್ಜಿ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ದೂರಿಗೆ 1967 ಇದೆ. ಫೋನ್ ಮಾಡಿದಾಗ ಕೊಡುವ ದೂರಿನ ನಂಬರನ್ನು ಕಾರ್ಡಿನ ಹಿಂದೆಯೇ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಕೌಂಟರಿನಲ್ಲಿ ಮೊದಲು ಕೇಳುವುದು ಅದನ್ನೇ.